ರೇರಾ ಹುಣಸೂರಿನವರೆಗೆ ಬಂದಿದೆಯೇ?

ಮೈಸೂರಿನಿಂದ ಹುಣಸೂರಿನ ಕಡೆ ಹೊರಟರೆ ದಾರಿಯುದ್ದಕ್ಕೂ ಬಡಾವಣೆಗಳ ಫ್ಲೆಕ್ಸ್‌ಗಳು. ‘ಡಿಸಿ ಕನ್ವರ್ಷನ್ ಆಗಿದೆ’ ಎಂಬ ಮಾತಿಗೆ ಅವುಗಳಲ್ಲಿ ದೊಡ್ಡ ಅಕ್ಷರ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ಜಾಹೀರಾತಿನಲ್ಲಿ ಎದ್ದು ಕಾಣಬೇಕಾದ್ದು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ವೆಬ್‌ಸೈಟ್ ಮತ್ತು ನೋಂದಣಿ ಸಂಖ್ಯೆ. ನಮ್ಮ ರಾಜ್ಯದಲ್ಲಿ ಅದು ‘ಪಿಆರ್‌ಎಂ/ಕೆಎ/ರೇರಾ’ ಎಂದು ಶುರುವಾಗುತ್ತದೆ. ಕನ್ವರ್ಷನ್ ಆಗಿದೆ ಎಂದರೆ ಜಮೀನನ್ನು ಕೃಷಿಯೇತರ ಕೆಲಸಕ್ಕೆ ಬಳಸಬಹುದು ಎಂದಷ್ಟೇ ಅರ್ಥ. ರಸ್ತೆ, ಚರಂಡಿ, ಪಾರ್ಕಿಗೆ ಜಾಗ ಬಿಟ್ಟ ನಕ್ಷೆಗೆ ಮಂಜೂರಾತಿ ಸಿಕ್ಕಿದೆ ಎಂದಲ್ಲ. ಎರಡೂ ಒಂದೇ ಎಂದು ಗಿರಾಕಿ ನಂಬಿಬಿಟ್ಟರೆ ಅರ್ಧ ವ್ಯಾಪಾರ ಮುಗಿದಂತೆ.

ಕಾಯ್ದೆ ಒಳ್ಳೆಯದೇ. 500 ಚದರ ಮೀಟರ್ ಮೀರಿದ ಬಡಾವಣೆಯನ್ನು ನೋಂದಾಯಿಸದೆ ಒಂದು ಸೈಟನ್ನೂ ಬುಕ್ ಮಾಡಿಸಿಕೊಳ್ಳುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಗೇ ಖರ್ಚು ಮಾಡಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹೇಳಿದ ಅವಧಿಗೆ ಕೊಡದಿದ್ದರೆ ಬಡ್ಡಿ ಸಹಿತ ಹಣ ವಾಪಸ್. ಈ ಯೋಜನೆಗಳ ಸೈಟು ಮಾರಿಸುವ ಏಜೆಂಟರೂ ನೋಂದಣಿ ಮಾಡಿಸಿರಬೇಕು. ಮನೆ ಕೊಳ್ಳುವವರ ಪರ ಇಷ್ಟು ಸ್ಪಷ್ಟವಾಗಿ ನಿಂತ ಕಾನೂನು ನಮ್ಮಲ್ಲಿ ಹಿಂದೆ ಇರಲಿಲ್ಲ.

ಆದರೆ ಅದರ 3ನೇ ಸೆಕ್ಷನ್ನಿನಲ್ಲಿ ‘ಯೋಜನಾ ಪ್ರದೇಶ’ (ನಗರ ಯೋಜನೆಗೆ ಒಳಪಟ್ಟ ಪ್ರದೇಶ) ಎಂಬ ಗೆರೆಯಿದೆ. ಕಡ್ಡಾಯ ನೋಂದಣಿ ಆ ಗೆರೆಯೊಳಗೆ ಮಾತ್ರ. ಅದರಾಚೆ, ಸ್ಥಳೀಯ ಸಂಸ್ಥೆಯ ಅನುಮತಿ ಪಡೆದ ಬಡಾವಣೆಗಳನ್ನು ಅಗತ್ಯ ಕಂಡರೆ ನೋಂದಾಯಿಸಿ ಎಂದು ಪ್ರಾಧಿಕಾರ ಆದೇಶಿಸಬಹುದು. ಅನುಮತಿಯನ್ನೇ ಪಡೆಯದ ಕಂದಾಯ ನಿವೇಶನಗಳಿಗೆ ಅದೂ ಅನ್ವಯಿಸದು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಈ ಗೆರೆ ಸಣ್ಣದು, ಪಿರಿಯಾಪಟ್ಟಣ, ಕೆ.ಆರ್. ನಗರದ ಪಂಚಾಯಿತಿ ಹಳ್ಳಿಗಳಿಂದ ನೋಡಿದರೆ ಇಡೀ ಕಾಯ್ದೆಯೇ ಗೆರೆಯಾಚೆ ಉಳಿದುಬಿಡುತ್ತದೆ. ಹೆಚ್ಚು ರಕ್ಷಣೆ ಬೇಕಾದವರು ಇರುವುದೇ ಅಲ್ಲಿ ಎಂಬುದು ನನ್ನ ತಕರಾರು.

ಏಕೆಂದರೆ ಇಲ್ಲಿ ಕೊಳ್ಳುವವರು ಕಂಪನಿ ಸಂಬಳದವರಲ್ಲ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹೊಗೆಸೊಪ್ಪು ಹರಾಜಾದ ದುಡ್ಡು, ನಿವೃತ್ತಿಯಾದ ಮೇಷ್ಟ್ರ ಗ್ರಾಚ್ಯುಟಿ, ಸಂಘದ ಸಾಲ. ಊರಿನ ಪರಿಚಯದ ಬ್ರೋಕರ್ ಮೇಲಿನ ನಂಬಿಕೆಯಿಂದ ಅಡ್ವಾನ್ಸ್ ಕೈಬದಲಾಗುತ್ತದೆ. ಛಾಪಾಕಾಗದದ ಮೇಲೊಂದು ಕರಾರು, ಜೊತೆಗೊಂದು ಜಿಪಿಎ. ಜಿಪಿಎಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಖಾತೆ ಮಾಡಿಸಲು ಹೋದಾಗಲೇ ಆ ಮಾತು ಬಹುಪಾಲು ಜನರ ಕಿವಿಗೆ ಬೀಳುವುದು.

ಎಚ್.ಡಿ. ಕೋಟೆಯದು ಇನ್ನೊಂದು ಬಗೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಕಬಿನಿ ಹಿನ್ನೀರು, ಕಾಡಂಚು ಎಂದರೆ ‘ಫಾರ್ಮ್ ಪ್ಲಾಟ್’ ಮಾರುವವರಿಗೆ ಸುಗ್ಗಿ. ಕೃಷಿ ಜಮೀನೆಂದೇ ಮಾರುವುದರಿಂದ ರೇರಾ ಬೇಕಿಲ್ಲ ಎಂಬುದು ಅವರ ವಾದ. ಆ ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ದು, ಸರ್ಕಾರದ ಅನುಮತಿಯಿಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಕ್ರಯವೇ ಅಸಿಂಧು. ಹಾಗೆ ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಬಡವರ ಭೂಮಿ ಉಳಿಯಲಿ ಎಂಬ ಆ ಕಾನೂನು ನ್ಯಾಯವಾದದ್ದು; ಮಂಜೂರಾತಿಯ ಮೂಲ ದಾಖಲೆ ತೋರಿಸದೆ ಮಾರುವವರೇ ತಪ್ಪಿತಸ್ಥರು. ಇಸಿ, ಪಹಣಿ ಮಾತ್ರ ನೋಡಿದರೆ ಸಾಲದು.

ಮೋಸ ಹೋದವರಿಗೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. ಅಭಿವೃದ್ಧಿಪಡಿಸಿದ ನಿವೇಶನ ಕೊಡುವುದೂ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ರೇರಾ ಆದೇಶ ಸಿಕ್ಕವರ ಪಾಡು ಬೇರೆ: ಬಡ್ಡಿ, ಪರಿಹಾರವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕೆಂದು ಕಾನೂನಿದ್ದರೂ, ಆ ಕೆಲಸ ಸೇರುವುದು ನೂರೆಂಟು ಹೊಣೆ ಹೊತ್ತ ತಹಶೀಲ್ದಾರರ ಮೇಜಿಗೆ. ವಸೂಲಿಗೆ ಪ್ರತ್ಯೇಕ ಸಿಬ್ಬಂದಿ ಬೇಕು. ಯೋಜನಾ ಪ್ರದೇಶದಾಚೆಯ ಬಡಾವಣೆಗಳಿಗೆ ನೋಂದಣಿ ಆದೇಶಿಸುವ ಅಧಿಕಾರವನ್ನು ಪ್ರಾಧಿಕಾರ ಈ ನಾಲ್ಕು ತಾಲ್ಲೂಕುಗಳಲ್ಲಿ ಧಾರಾಳವಾಗಿ ಬಳಸಬೇಕು, ನೋಂದಾಯಿತ ಬಡಾವಣೆಗಳ ಪಟ್ಟಿಯನ್ನು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು.