ಹೇಮಕುಂಡದ ಕಲ್ಲುದಾರಿ

ಉತ್ತರಾಖಂಡದ ಘಾಂಘರಿಯಾದಿಂದ ಹೇಮಕುಂಡ ಸರೋವರಕ್ಕೆ ಏರುವ ಕಲ್ಲುದಾರಿ ಮನಸಾರೆ ಮೆಚ್ಚಬೇಕಾದ ಕೈಕೆಲಸ. ಸುಮಾರು 6 ಕಿ.ಮೀ.ಗಳಲ್ಲಿ ಅದು 1,000 ಮೀಟರಿಗೂ ಹೆಚ್ಚು ಎತ್ತರಕ್ಕೇರುತ್ತದೆ. ಅಂಥ ಕಡಿದಾದ ಬೆಟ್ಟವನ್ನು ನೇರವಾಗಿ ಹತ್ತಿದರೆ ತೆಳುಗಾಳಿಯಲ್ಲಿ ಉಸಿರು ಸಾಲದು. ಆದ್ದರಿಂದಲೇ ದಾರಿ ಅಂಕುಡೊಂಕಾಗಿ ಸಾಗುತ್ತದೆ. ತಿರುವು ತಿರುವಿನಲ್ಲೂ ಕಾಲಿಗೆ ಕೊಂಚ ಬಿಡುವು, ಕಣ್ಣಿಗೆ ಕಣಿವೆ. ಯಾತ್ರಿಕರೂ ಹೇಸರಗತ್ತೆಗಳೂ ತುಳಿದು ತುಳಿದು ಹಾಸುಗಲ್ಲುಗಳು ನಯಗೊಂಡಿವೆ. ಮಳೆ ಬಂದರೆ ಅವುಗಳ ಸಂದಿಯಲ್ಲಿ ನೀರು ಗುಳುಗುಳು ಇಳಿಯುತ್ತದೆ.

ಸರೋವರದ ದಡದ ಗುರುದ್ವಾರಕ್ಕೆ ಯಾತ್ರೆ ಶುರುವಾಗುವ ಮುನ್ನ ಮೇಲ್ದಾರಿಯೆಲ್ಲ ಹಿಮದಡಿ ಹೂತಿರುತ್ತದೆ. ವರ್ಷವರ್ಷವೂ ಸೈನಿಕರು ಸಲಿಕೆ ಹಿಡಿದು ಹಿಮ ಕಡಿದು ಓಣಿ ಬಿಡಿಸುತ್ತಾರೆ. ಆಮೇಲೆ ನಡೆಯುವವರಿಗೆ ಕಾಣುವುದು ಇಕ್ಕೆಲದ ಬಿಳಿ ಗೋಡೆಗಳು ಮಾತ್ರ. ಅವುಗಳ ಹಿಂದಿನ ಬೆವರಿಗೂ ಒಂದು ನಮಸ್ಕಾರ ಸಲ್ಲಬೇಕು.

ಮರಗಳು ಮುಗಿದು, ಕೊನೆಯ ಏರಿನ ಬಂಡೆಗಳ ನಡುವೆ ಆಗಸ್ಟ್ ಹೊತ್ತಿಗೆ ಬ್ರಹ್ಮಕಮಲ ಅರಳುತ್ತದೆ. ಮೇಲೆ, ಏಳು ಶಿಖರಗಳ ನಡುವೆ, ತಿಳಿನೀರಿನ ಸರೋವರ. ದಡದ ಗುರುದ್ವಾರದ ಇಳಿಜಾರು ಚಾವಣಿ ಚಳಿಗಾಲದ ಹಿಮಭಾರ ತಡೆಯಲೆಂದೇ ರೂಪುಗೊಂಡದ್ದು. ರಾತ್ರಿ ಅಲ್ಲಿ ತಂಗುವಂತಿಲ್ಲ. ಬಂದವರೆಲ್ಲ ಅದೇ ದಿನ ಘಾಂಘರಿಯಾಕ್ಕೆ ಇಳಿಯಬೇಕು.