ನಿಷೇಧ ಕಾಗದದಲ್ಲಿತ್ತು

ಅಮೆರಿಕದ ಅಟ್ಲಾಂಟಾದಲ್ಲಿ ಲ್ಯಾಬ್‌ಎಂಡಿ ಎಂಬ ಸಣ್ಣ ಪ್ರಯೋಗಾಲಯವಿತ್ತು. ವೈದ್ಯರು ಕಳಿಸಿದ ಮಾದರಿಗಳಲ್ಲಿ ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸಿ ಹೇಳುವುದು ಅದರ ಕೆಲಸ. ಬಿಲ್ಲಿಂಗ್ ಮ್ಯಾನೇಜರ್ ಬಳಸುತ್ತಿದ್ದ ಕಂಪ್ಯೂಟರಿಗೆ 2005ರ ಸುಮಾರಿಗೆ ಲೈಮ್‌ವೈರ್ ಬಂತು. ಹಾಡು, ವಿಡಿಯೊ ಇಳಿಸಿಕೊಳ್ಳಲು ಜನ ಬಳಸುತ್ತಿದ್ದ ಫೈಲ್ ಹಂಚಿಕೆಯ ಸಾಫ್ಟ್‌ವೇರ್ ಅದು. ಅದನ್ನು ಹಾಕಿಕೊಳ್ಳುವುದು ಸಂಸ್ಥೆಯ ನಿಯಮಕ್ಕೆ ವಿರುದ್ಧವಾಗಿತ್ತು. ಹಂಚಿಕೆಗೆ ತೆರೆದುಕೊಂಡದ್ದು ‘ಮೈ ಡಾಕ್ಯುಮೆಂಟ್ಸ್’ ಫೋಲ್ಡರ್. ಅದರಲ್ಲಿ 1,718 ಪುಟಗಳ ವಿಮಾ ಬಾಕಿಯ ಪಟ್ಟಿಯಿತ್ತು: ಸುಮಾರು 9,300 ಜನರ ಹೆಸರು, ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಮಾಡಿಸಿದ ಪರೀಕ್ಷೆಗಳ ಸಂಕೇತ. 2008ರಲ್ಲಿ ಟೈವರ್ಸಾ ಎಂಬ ಕಂಪನಿ ಆ ಫೈಲನ್ನು ಹೊರಗಿನಿಂದಲೇ ಇಳಿಸಿಕೊಂಡಿತು. ಪ್ರಯೋಗಾಲಯಕ್ಕೆ ವಿಷಯ ತಿಳಿಸಿ, ನಮ್ಮ ಸೇವೆ ಕೊಳ್ಳಿ ಎಂದಿತು.

ಕಚೇರಿಯ ಕಂಪ್ಯೂಟರುಗಳಲ್ಲಿ ಇಂಥ ಸಾಫ್ಟ್‌ವೇರ್ ತಡೆಯುವ ಪದ್ಧತಿಯನ್ನು ಒರೆಗೆ ಹಚ್ಚಲು ಈ ಪ್ರಕರಣವೊಂದೇ ಸಾಕು. ‘ಹಾಕಿಕೊಳ್ಳಬಾರದು’ ಎಂದು ಬರೆದು ನೌಕರರಿಂದ ಸಹಿ ಪಡೆಯುವುದನ್ನೇ ಬಹಳಷ್ಟು ಸಂಸ್ಥೆಗಳು ತಡೆ ಎಂದು ನಂಬಿವೆ. ಅದು ತಡೆಯಲ್ಲ. ಸೋರಿಕೆಯಾದ ಮೇಲೆ ಯಾರ ಮೇಲೆ ತಪ್ಪು ಹೊರಿಸಬೇಕೆಂದು ಮೊದಲೇ ಗೊತ್ತು ಮಾಡಿಟ್ಟುಕೊಳ್ಳುವ ಕ್ರಮ ಅಷ್ಟೇ. ಲ್ಯಾಬ್‌ಎಂಡಿಯಲ್ಲಿ ನಿಯಮವಿತ್ತು, ಆದರೆ ಆ ಕಂಪ್ಯೂಟರಿನಲ್ಲಿ ಏನು ಸೇರಿಕೊಂಡಿದೆ ಎಂದು ಸುಮಾರು ಮೂರು ವರ್ಷ ಯಾರೂ ನೋಡಲಿಲ್ಲ.

ಹಾಕಿಕೊಂಡವರ ಎಚ್ಚರಿಕೆಯನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ. ನಥಾನಿಯಲ್ ಗುಡ್ ಮತ್ತು ಆರನ್ ಕ್ರೆಕಲ್‌ಬರ್ಗ್ ಆ ಕಾಲದಲ್ಲಿ ಜನಪ್ರಿಯವಾಗಿದ್ದ ಕಜಾ ಎಂಬ ಸಾಫ್ಟ್‌ವೇರನ್ನು 12 ಜನರ ಮುಂದಿಟ್ಟು, ಇದು ಯಾವ ಫೈಲುಗಳನ್ನು ಹೊರಗೆ ಹಂಚುತ್ತಿದೆ ಎಂದು ಕೇಳಿದರು. ಸರಿಯಾಗಿ ಹೇಳಿದವರು ಇಬ್ಬರು ಮಾತ್ರ. 2003ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಾನು ತುಂಬಾ ಮುಖ್ಯವೆಂದು ಭಾವಿಸುತ್ತೇನೆ. ಹಾಡು ಬೇಕೆಂದವರಿಗೆ ಇಳಿಯುವುದು ಕಾಣುತ್ತದೆ, ಹೊರಗೆ ಹೋಗುವುದು ಕಾಣುವುದಿಲ್ಲ. ಕಾಣದ್ದಕ್ಕೆ ನೌಕರರನ್ನು ಶಿಕ್ಷಿಸುವುದು ನ್ಯಾಯವಲ್ಲ.

ಹಾಗಾದರೆ ಕೆಲಸಕ್ಕೆ ಬರುವುದು ಯಾವುದು? ಫೈರ್‌ವಾಲಿನಲ್ಲಿ ಪೋರ್ಟ್ ಮುಚ್ಚಿದರೆ ಸಾಲದು. ಕಜಾ ಸಾಮಾನ್ಯ ಜಾಲತಾಣಗಳ ದಾರಿಯಾದ 80ನೇ ಪೋರ್ಟಿನಿಂದಲೇ ನುಸುಳಬಲ್ಲದಾಗಿತ್ತು. ದಿನನಿತ್ಯದ ಕೆಲಸಕ್ಕೆ ಅಡ್ಮಿನ್ ಅಧಿಕಾರವಿಲ್ಲದ ಸಾಮಾನ್ಯ ಖಾತೆ ಕೊಡುವುದು ಮೊದಲನೆಯದು. ಅದೂ ಪೂರ್ತಿ ಸಾಲದು, ಕೆಲವು ಸಾಫ್ಟ್‌ವೇರ್‌ಗಳು ಬಳಕೆದಾರರ ಸ್ವಂತ ಫೋಲ್ಡರಿನಿಂದಲೇ ಓಡುತ್ತವೆ. ಒಪ್ಪಿಗೆಯ ಪಟ್ಟಿಯಲ್ಲಿ ಇಲ್ಲದ ಯಾವುದೂ ಓಡಬಾರದು ಎಂದು ಯಂತ್ರಕ್ಕೇ ಹೇಳಿಡಬೇಕು. 2009ರಲ್ಲಿ ವಿಂಡೋಸ್ 7ರ ಜೊತೆ ಬಂದ ಆ್ಯಪ್‌ಲಾಕರ್ ಇದಕ್ಕಾಗಿಯೇ ಇರುವುದು.

ಆದರೆ ಬೀಗ ಹಾಕುವ ಸಂಸ್ಥೆ ನೌಕರರ ಕೆಲಸಕ್ಕೆ ಬೇಕಾದದ್ದನ್ನು ಒದಗಿಸಲೂಬೇಕು. ಜಪಾನಿನಲ್ಲಿ ವಿನ್ನಿ ಎಂಬ ಹಂಚಿಕೆ ಸಾಫ್ಟ್‌ವೇರ್ ಮತ್ತು ಅದರ ಬೆನ್ನೇರಿದ ವೈರಸ್‌ಗಳಿಂದ ನೌಕಾಪಡೆಯ ಗುಟ್ಟುಗಳೂ ಹೊರಬಿದ್ದವು. ಆಗ ಸರ್ಕಾರದ ಮುಖ್ಯ ಸಂಪುಟ ಕಾರ್ಯದರ್ಶಿಯಾಗಿದ್ದ ಶಿಂಜೊ ಅಬೆ 2006ರ ಮಾರ್ಚ್‌ನಲ್ಲಿ ವಿನ್ನಿ ಬಳಸಬೇಡಿ ಎಂದು ಜನರನ್ನು ಕೇಳಿಕೊಂಡರು. ಕಚೇರಿಯ ಯಂತ್ರಗಳ ಕೊರತೆಯಿಂದ ಸಿಬ್ಬಂದಿ ಸ್ವಂತ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತಿದ್ದರು; ಮನೆಯವರ ಹಾಡು, ಸಿನಿಮಾ, ಆಟಗಳ ಪಕ್ಕದಲ್ಲೇ ಕಚೇರಿಯ ಫೈಲುಗಳೂ ಇರುತ್ತಿದ್ದವು. ಕೊನೆಗೆ ರಕ್ಷಣಾ ಇಲಾಖೆ ಹತ್ತಾರು ಸಾವಿರ ಕಂಪ್ಯೂಟರ್ ಕೊಂಡು ಸಿಬ್ಬಂದಿಗೆ ಕೊಡಬೇಕಾಯಿತು. ಮನವಿಗಿಂತ ಆ ಖರೀದಿಯೇ ಸರಿಯಾದ ತಡೆ ಎಂದು ನನ್ನ ಎಣಿಕೆ. ಇಂದಿನ ಕಚೇರಿಗಳಲ್ಲೂ ದೊಡ್ಡ ಫೈಲ್ ಕಳಿಸಲು ಒಳ್ಳೆಯ ದಾರಿಯಿಲ್ಲದಿದ್ದರೆ ಜನ ವಾಟ್ಸ್‌ಆ್ಯಪ್, ಪೆನ್‌ಡ್ರೈವ್, ಸ್ವಂತ ಜಿಮೇಲ್ ಹಿಡಿಯುತ್ತಾರೆ. ಅವರಿಗೆ ಕೆಲಸ ಮುಗಿಯಬೇಕು.

ಈ ಸೋರಿಕೆಯ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಲ್ಯಾಬ್‌ಎಂಡಿಯ ಮೇಲೆ ಹೂಡಿದ ಪ್ರಕರಣ ವಿಚಿತ್ರ ತಿರುವು ಪಡೆಯಿತು. ಫೈಲು ಎಲ್ಲೆಲ್ಲೋ ಹರಡಿದೆ ಎಂದು ತೋರಿಸಲು ಟೈವರ್ಸಾ ಸಾಕ್ಷ್ಯ ಹೆಣೆದಿತ್ತು ಎಂದು ಅದರ ಹಿಂದಿನ ನೌಕರರೊಬ್ಬರೇ ಸಾಕ್ಷಿ ನುಡಿದರು. ಅಷ್ಟರಲ್ಲಿ, 2014ರಲ್ಲೇ, ಪ್ರಯೋಗಾಲಯ ಕೆಲಸ ನಿಲ್ಲಿಸಿತ್ತು. ‘ಸಮಂಜಸ ಭದ್ರತೆ’ ಇರಲಿ ಎಂದು ಕಮಿಷನ್ ಹೊರಡಿಸಿದ ಆದೇಶವನ್ನು 2018ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು: ಅದು ತೀರಾ ಅಸ್ಪಷ್ಟ, ಜಾರಿ ಮಾಡಲಾಗದು ಎಂದಿತು. ಅನುಮತಿಯಿಲ್ಲದ ಸಾಫ್ಟ್‌ವೇರ್ ಹಾಕುವ ಸಾಧ್ಯತೆಯನ್ನೇ ಇಲ್ಲವಾಗಿಸಿ ಎಂಬ ಖಚಿತ ಆದೇಶವಾಗಿದ್ದರೆ ಜಾರಿ ಸುಲಭವಿತ್ತು ಎಂಬುದು ಅದೇ ತೀರ್ಪಿನಲ್ಲಿದೆ. ಕಮಿಷನ್ ಸೋತದ್ದಕ್ಕಿಂತ ಈ ಮಾತು ನನಗೆ ದೊಡ್ಡದು. ಸಂಸ್ಥೆ ಮಾಡಬೇಕಾದ ಕೆಲಸ ಯಾವುದೆಂದು ನ್ಯಾಯಾಧೀಶರೇ ಬೆರಳಿಟ್ಟು ತೋರಿಸಿದ್ದಾರೆ.

ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ‘ಸಮಂಜಸ ಭದ್ರತೆ’ಯನ್ನೇ ಕೇಳುತ್ತದೆ, ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ. ಆ ಹೊಣೆ ದತ್ತಾಂಶ ಇಟ್ಟುಕೊಂಡ ಸಂಸ್ಥೆಯದು. ನಮ್ಮ ಜಿಲ್ಲಾ ಕೇಂದ್ರಗಳ ಡಯಾಗ್ನೋಸ್ಟಿಕ್ ಲ್ಯಾಬ್‌ಗಳ, ಆಡಿಟರ್ ಕಚೇರಿಗಳ ಮಾಲೀಕರು ಕೌಂಟರಿನ ಕಂಪ್ಯೂಟರ್ ಯಾವ ಖಾತೆಯಲ್ಲಿ ತೆರೆಯುತ್ತದೆ ಎಂದು ಇಂದೇ ನೋಡಲಿ. ಅಡ್ಮಿನ್ ಆಗಿದ್ದರೆ ಬದಲಾಯಿಸಲು ಅರ್ಧ ಗಂಟೆಯೂ ಬೇಡ, ಖರ್ಚೂ ಇಲ್ಲ.