ಒಂದು ಹಗಲಿನ ದಡ

ಐಷಾರಾಮಿ ಹಡಗಿನ ಪ್ರವಾಸ ಎಲ್ಲಿಯೇ ನಡೆಯಲಿ, ಅದರ ದಿನಚರಿ ಒಂದೇ. ಬೆಳಿಗ್ಗೆ ಹಡಗು ಬಂದರು ಸೇರುತ್ತದೆ. ನಾಷ್ಟಾ ಮುಗಿಸಿದವರು ಬಸ್ಸು ಹತ್ತುತ್ತಾರೆ, ನಾಲ್ಕಾರು ಜಾಗ ನೋಡುತ್ತಾರೆ, ಸಂಜೆಯೊಳಗೆ ಮರಳಿ ಹಡಗಿನಲ್ಲಿರುತ್ತಾರೆ. ಆ ಒಂದು ಹಗಲಿನ ಬಗ್ಗೆ ಬರೆಯುವ ಪ್ರವಾಸ ಲೇಖನಗಳು ಕನ್ನಡದಲ್ಲಿಯೂ ಈಗ ಕಡಿಮೆಯಿಲ್ಲ. ಅವುಗಳನ್ನು ಓದುವಾಗಲೆಲ್ಲ ನಮಗೊಂದು ಅನುಮಾನ ಕಾಡುತ್ತದೆ: ಇವರು ನೋಡಿದ್ದು ಊರನ್ನೋ, ಊರಿನ ಬಗ್ಗೆ ಯಾರೋ ಬರೆದುಕೊಟ್ಟ ಪಟ್ಟಿಯನ್ನೋ?

ಮಾಲ್ಟಾ ದ್ವೀಪದ ವಲ್ಲೆಟ್ಟಾ ಬಂದರನ್ನೇ ನೋಡೋಣ. ಅಲ್ಲಿಳಿದವರಿಗೆ ಸಾಮಾನ್ಯವಾಗಿ ಸಿಗುವುದು 1565ರ ಮುತ್ತಿಗೆಯ ಕಥೆ. ತುರ್ಕರು ಬಂದರು, ಕ್ರೈಸ್ತ ಯೋಧರು ಅವರನ್ನು ಹಿಮ್ಮೆಟ್ಟಿಸಿದರು. ಆಮೇಲೆ ಸಂತ ಜಾನರ ಚರ್ಚು, ಅಲ್ಲಿರುವ ಕಾರವಾಜಿಯೋನ ಚಿತ್ರ. ಇದಾವುದೂ ಸುಳ್ಳಲ್ಲ. ಆದರೆ ಈ ಕಥೆ ಕೇಳುತ್ತ ನಿಂತವರ ಪಕ್ಕದಲ್ಲೇ ಮಾಲ್ಟಾದ ಜನ ಅರಬ್ಬಿಯಿಂದ ಹುಟ್ಟಿದ ಭಾಷೆಯಲ್ಲಿ ಮಾತನಾಡುತ್ತಿರುತ್ತಾರೆ. ಅಲ್ಲಿನ ಕ್ಯಾಥೊಲಿಕರು ದೇವರನ್ನು ಕರೆಯುವುದು 'ಅಲ್ಲಾ' ಎಂದು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆ 'ರಂದಾನ್' ಎನ್ನುತ್ತಾರೆ. ಕೋಟೆಯ ಗೋಡೆ ಹೇಳದ ಇತಿಹಾಸವನ್ನು ಮೀನು ಮಾರುವವರ ನಾಲಿಗೆ ಹೇಳುತ್ತಿದೆ. ನಮ್ಮ ಲೇಖಕರ ಕಿವಿಗೆ ಅದು ಬೀಳುವುದಿಲ್ಲ.

ನಮ್ಮ ದೇಶದ ಕಥೆಯೂ ಅಲ್ಲಿದೆ. ದೇವಬಂದಿನ ಶೈಖುಲ್ ಹಿಂದ್ ಮೌಲಾನಾ ಮಹಮೂದ್ ಹಸನ್, ಅವರ ಶಿಷ್ಯ ಹುಸೇನ್ ಅಹ್ಮದ್ ಮದನಿ ಮತ್ತು ಸಂಗಡಿಗರನ್ನು ಬ್ರಿಟಿಷರು 1917ರಿಂದ 1920ರವರೆಗೆ ಸೆರೆಯಲ್ಲಿಟ್ಟಿದ್ದು ಇದೇ ದ್ವೀಪದಲ್ಲಿ. ಮೌಲಾನಾರ ಉರ್ದು ಕುರ್‌ಆನ್ ಅನುವಾದದ ಬಹುಪಾಲು ಕೆಲಸ ನಡೆದದ್ದು ಆ ಸೆರೆಯಲ್ಲಿ. 'ಅಸೀರೆ ಮಾಲ್ಟಾ' ಎಂಬ ಬಿರುದನ್ನು ನಮ್ಮ ಮನೆಗಳ ಹಿರಿಯರು ಗೌರವದಿಂದ ಉಚ್ಚರಿಸುತ್ತಾರೆ. ಭಾರತದಿಂದ ಹೋದ ಪ್ರವಾಸಿಗನಿಗೂ ಅದರ ನೆನಪಾಗದಿದ್ದರೆ ಯಾರನ್ನು ದೂರುವುದು?

ಈಗ ಇದೇ ಕನ್ನಡಿಯನ್ನು ನಮ್ಮ ಕಡಲಿಗೆ ಹಿಡಿಯೋಣ. ಪಣಂಬೂರಿನ ನವಮಂಗಳೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. ಇಳಿದವರನ್ನು ಕರೆದೊಯ್ಯುವ ಜಾಗಗಳು ಪತ್ರಿಕೆಗಳಲ್ಲಿ ವರದಿಯಾಗುತ್ತಿರುತ್ತವೆ: ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಇಟಲಿಯ ಮೊಸ್ಕೇನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ. ಒಳ್ಳೆಯ ಪಟ್ಟಿಯೇ. ಆದರೆ ಬಂದರ್ ಪ್ರದೇಶದ ಝೀನತ್ ಬಕ್ಷ್ ಮಸೀದಿಯ ಹೆಸರನ್ನು ಈ ವರದಿಗಳಲ್ಲಿ ನಾವು ಕಂಡಿಲ್ಲ. ಮಾಲಿಕ್ ದೀನಾರರ ಕಾಲದ್ದೆಂದು ಜನ ನಂಬುವ, ಟಿಪ್ಪು ಸುಲ್ತಾನ್ ನವೀಕರಿಸಿದನೆಂದು ಹೇಳುವ, ಮರದ ಕೆತ್ತನೆಯಿಂದ ತುಂಬಿದ ಮಸೀದಿ ಅದು. ಸಮುದ್ರದಿಂದ ಬಂದವರಿಗೆ ಸಮುದ್ರದಿಂದಲೇ ಬಂದ ಧರ್ಮದ ಗುರುತು ತೋರಿಸಲು ಇದಕ್ಕಿಂತ ಸೂಕ್ತ ಜಾಗ ಬೇರೆ ಇದೆಯೇ? ಚಾಪೆಲ್ ಇರುವ ಬಾವುಟಗುಡ್ಡೆಯಿಂದ ಅಲ್ಲಿಗೆ ನಡೆದೇ ಹೋಗಬಹುದು.

ಸಮಯ ಸಾಲದು ಎಂಬ ಸಬೂಬನ್ನು ನಾವು ಒಪ್ಪುವುದಿಲ್ಲ. 1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನ್ ಬತೂತಾ ಅಲ್ಲಿ ಉಳಿದದ್ದು ಮೂರೇ ದಿನ. ಅಷ್ಟರಲ್ಲಿ ಅವನು ಬರೆದಿಟ್ಟದ್ದನ್ನು ನೋಡಿ. ಊರ ಪಕ್ಕದ ಕೇರಿಯಲ್ಲಿ ಸುಮಾರು 4000 ಮುಸ್ಲಿಮರಿದ್ದಾರೆ, ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತದೆ, ವ್ಯಾಪಾರಿಗಳು ಬೇಕಾದ್ದರಿಂದ ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಾನೆ. ಸಾಮರಸ್ಯದ ಬಣ್ಣವನ್ನೂ ಬಳಿಯಲಿಲ್ಲ, ಬೆಂಕಿಯನ್ನೂ ಹಚ್ಚಲಿಲ್ಲ. ಜಗಳ ಉಂಟು, ಅದಕ್ಕೆ ಮದ್ದೂ ಉಂಟು, ಮದ್ದಿನ ಹಿಂದೆ ಲೆಕ್ಕಾಚಾರವೂ ಉಂಟು ಎಂದ. ಇಂದಿನ ಕರಾವಳಿಯ ಬಗ್ಗೆ ಇಷ್ಟು ನೇರವಾಗಿ ಬರೆಯುವವರು ಎಷ್ಟು ಮಂದಿ? ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆಯೂ 1623ರಲ್ಲಿ ಉಳ್ಳಾಲದ ರಾಣಿಯನ್ನು ನೋಡಿದ. ಅವನ ಓಲೆಯಲ್ಲಿರುವುದು ಅರಮನೆಯ ವೈಭವವಲ್ಲ, ಬರಿಗಾಲಲ್ಲಿ ಕೆಲಸದ ಮೇಲೆ ಹೊರಟ ಹೆಂಗಸು.

ಇನ್ನೊಬ್ಬ ಬಂದವನು ಹಗಲು ಮುಗಿದರೂ ಹೋಗಲಿಲ್ಲ. ಟುನೀಸಿಯಾದ ಮಹದಿಯ್ಯಾ ಎಂಬ ಭೂಮಧ್ಯ ಸಮುದ್ರದ ಬಂದರಿನ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಮಲಬಾರು ತೀರಕ್ಕೆ ಬಂದು ಹದಿನೇಳು ವರ್ಷದಷ್ಟು ಕಾಲ ಇಲ್ಲೇ ಉಳಿದ, ಹಿತ್ತಾಳೆಯ ಕಾರ್ಖಾನೆ ನಡೆಸಿದ. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗ್‌ನ ಕೋಣೆಯಲ್ಲಿ ಉಳಿದು ಬಂದವು. ಅಮಿತಾವ್ ಘೋಷ್ 1992ರ 'ಇನ್ ಆನ್ ಆಂಟಿಕ್ ಲ್ಯಾಂಡ್' ಕೃತಿಯಲ್ಲಿ ಬೆನ್ನುಹತ್ತಿದ್ದು ಈ ವ್ಯಾಪಾರಿಗಿಂತ ಹೆಚ್ಚಾಗಿ ಅವನ ಆಳನ್ನು. ಆ ಆಳಿನ ಹೆಸರು 'ಬೊಮ್ಮ' ಎಂದಿರಬೇಕೆಂದು ತಿಳಿಯಲು ಘೋಷ್ ಮಂಗಳೂರಿಗೆ ಬಂದು ಬಿ. ಎ. ವಿವೇಕ ರೈ ಅವರ ನೆರವು ಪಡೆದರು. ಒಡೆಯನ ಪರವಾಗಿ ಏಡನ್‌ಗೆ ಹೋಗುತ್ತಿದ್ದ ಬೊಮ್ಮ ಅಲ್ಲಿ ಕುಡಿದು ಹೆಚ್ಚು ಹಣಕ್ಕೆ ಪೀಡಿಸಿದ ಎಂಬ ದೂರು ಕೂಡ ಕಾಗದದಲ್ಲಿದೆ. ನಮಗಂತೂ ಇಡೀ ಪುಸ್ತಕದಲ್ಲಿ ತುಂಬಾ ಜೀವಂತವಾದ ಮನುಷ್ಯ ಇವನೇ. ಸಂತನಲ್ಲ, ಶೂರನಲ್ಲ, ಕೆಲಸಗಾರ.

ಕೃತಿಯ ಬಗ್ಗೆ ನಮ್ಮದೊಂದು ತಕರಾರೂ ಇದೆ. ಮೊಗವೀರರು ನಂಬುವ ಬೊಬ್ಬರ್ಯ ದೈವಕ್ಕೆ ಮುಸ್ಲಿಂ ನಾವಿಕರ ನಂಟಿತ್ತೆಂಬುದನ್ನೂ, ಗುಡಿಯ ನಡುಜಾಗಕ್ಕೆ ಈಗ ಬೇರೆ ದೇವರು ಬಂದದ್ದನ್ನೂ ಘೋಷ್ ಸೂಕ್ಷ್ಮವಾಗಿ ಗುರುತಿಸುತ್ತಾರೆ. ಆದರೆ ಈಜಿಪ್ತಿನ ಹಳ್ಳಿಯ ಮುಸ್ಲಿಮರು ಅಷ್ಟು ಧಾರಾಳವಾಗಿ ಮಾತನಾಡುವ ಪುಸ್ತಕದಲ್ಲಿ ಇಂದಿನ ಬ್ಯಾರಿಗಳ ದನಿಗೆ ಅಂಥ ಜಾಗವಿಲ್ಲ. ಹಳೆಯ ಸಾಮರಸ್ಯವನ್ನು ನೆನೆಯುವ ಭರದಲ್ಲಿ ಇಬ್ನ್ ಬತೂತಾ ಕಂಡ ಜಗಳ ಹಿನ್ನೆಲೆಗೆ ಸರಿದಿದೆ.

ಬಯಲುಸೀಮೆಯ ನಿಡೋಣಿಯಲ್ಲಿ ಕೂತು ಕಡಲಿನ ಉಸಾಬರಿ ನಿಮಗೇಕೆ ಎಂದು ಯಾರಾದರೂ ಕೇಳಬಹುದು. ನಮಗೂ ಪಾಲಿದೆ. ವಿಜಯಪುರದ ಮಲಿಕೆ ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ತುರ್ಕರ ನಾಡು 'ರೂಮ್' ಅವನ ಹೆಸರಿನಲ್ಲೇ ಇದೆ. ಅರಬರು ಭೂಮಧ್ಯ ಸಮುದ್ರವನ್ನು ಕರೆದದ್ದೂ ರೂಮಿನ ಕಡಲೆಂದೇ. ವಿಜಯಪುರಕ್ಕೂ ಒಂದು ಹಗಲಿನ ಪ್ರವಾಸಿಗರು ಬರುತ್ತಾರೆ. ಗೋಳಗುಮ್ಮಟದಲ್ಲಿ ಕೂಗುತ್ತಾರೆ, ಪ್ರತಿಧ್ವನಿ ಎಣಿಸುತ್ತಾರೆ, ಹೊರಡುತ್ತಾರೆ. ನಮ್ಮವರೂ ಅತಿಥಿಗಳಿಗೆ ಗುಮ್ಮಟದ ಅಳತೆ ಹೇಳಿ ಬೀಗುತ್ತಾರೆಯೇ ಹೊರತು ಅದರ ಸುತ್ತಲಿನ ಗಲ್ಲಿಗಳಿಗೆ ಕರೆದೊಯ್ಯುವುದಿಲ್ಲ.

ಇನ್ನೊಂದು ಪಾಲು ಇದಕ್ಕಿಂತ ಹತ್ತಿರದ್ದು. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಕೂಲಿಕಾರರು, ಸಾಬರು, ದಲಿತರು, ಲಂಬಾಣಿಗರು, ಗೋವೆಗೂ ಮಂಗಳೂರಿಗೂ ಗುಳೆ ಹೋಗುತ್ತಾರೆ. ರಸ್ತೆಗೆ ಜಲ್ಲಿ ಹಾಕುವವರು, ಕಟ್ಟಡಕ್ಕೆ ಕಾಂಕ್ರೀಟು ಹೊರುವವರು ಅವರು. ಬೊಮ್ಮನ ಹೆಸರಾದರೂ ಒಡೆಯನ ಕಾಗದದಲ್ಲಿ ಉಳಿಯಿತು. ಅಲ್ಲಿ ಇವರನ್ನು ಕರೆಯುವುದು ಒಟ್ಟಾಗಿ 'ಬಿಜಾಪುರದವರು' ಎಂದಷ್ಟೇ. ಪಣಂಬೂರಿನಿಂದ ಹೊರಟ ಪ್ರವಾಸಿ ಬಸ್ಸು ಅವರ ತಗಡಿನ ಶೆಡ್ಡುಗಳ ಮುಂದಿನಿಂದಲೇ ಕಾರ್ಕಳಕ್ಕೆ ಹೋಗುತ್ತದೆ.